ಗುತೊಬ್ ನುಡಿಯನ್ನು ಅದರ ಹೆಸರಿನಲ್ಲೇ ಎಣಿಸಿ: ಜನಗಣತಿ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಭಾರತದ ಮಹಾ ರಿಜಿಸ್ಟ್ರಾರ್ ಮತ್ತು ಜನಗಣತಿ ಆಯುಕ್ತರು,
ಗೃಹ ಸಚಿವಾಲಯ, ಭಾರತ ಸರ್ಕಾರ,
ಹೊಸದಿಲ್ಲಿ.

ವಿಷಯ: 2027ರ ಜನಗಣತಿಯಲ್ಲಿ ಗುತೊಬ್ ಹಾಗೂ ಅದರ ನೆರೆಯ ಸಣ್ಣ ಮುಂಡಾ ಭಾಷೆಗಳನ್ನು ಪ್ರತ್ಯೇಕವಾಗಿ ಎಣಿಸಿ, ಅಂಕಿಗಳನ್ನು ಪ್ರಕಟಿಸಬೇಕೆಂಬ ಮನವಿ.

ಮಾನ್ಯರೇ,

ಒಡಿಶಾದ ಕೋರಾಪುಟ್ ಜಿಲ್ಲೆಯ ಬೆಟ್ಟಸೀಮೆಯಲ್ಲಿ ಗುತೊಬ್ ಎಂಬ ಭಾಷೆಯನ್ನಾಡುವ ಜನರಿದ್ದಾರೆ. ಸರ್ಕಾರದ ಕಡತಗಳಲ್ಲಿ ಅವರ ಹೆಸರು ಗದಬ. ಅವರ ಭಾಷೆ ಮುಂಡಾ ಬಳಗದ್ದು. ಸಂತಾಲಿ, ಹೋ, ಮುಂಡಾರಿಗಳ ಸಂಬಂಧಿ. ಇನ್ನೂ ಹಿಂದಕ್ಕೆ ಹೋದರೆ ಆಸ್ಟ್ರೋಏಷ್ಯಾಟಿಕ್ ಕುಟುಂಬದ ಮೂಲಕ ಅದಕ್ಕೆ ಮೇಘಾಲಯದ ಖಾಸಿಯೊಡನೆಯೂ ಕಾಂಬೋಡಿಯಾದ ಖಮೇರ್ ಭಾಷೆಯೊಡನೆಯೂ ನಂಟು ಇದೆ. 2011ರ ಗಣತಿಯ ಭಾಷಾ ಕೋಷ್ಟಕದಲ್ಲಿ ತಮ್ಮ ಕಚೇರಿ ‘ಗದಬ’ ಎಂಬ ಒಂದೇ ಸಾಲಿನಲ್ಲಿ 40,976 ಜನರನ್ನು ತೋರಿಸಿದೆ. ಇವರಲ್ಲಿ ಗುತೊಬ್ ಆಡುವವರು ಎಷ್ಟು ಮಂದಿ ಎಂಬುದು ಆ ಕೋಷ್ಟಕವನ್ನು ಎಷ್ಟು ಸಲ ಓದಿದರೂ ತಿಳಿಯುವುದಿಲ್ಲ. 2027ರ ಫೆಬ್ರವರಿಯಲ್ಲಿ ಗಣತಿದಾರರು ಮತ್ತೆ ಆ ಬೆಟ್ಟಗಳ ಮನೆಬಾಗಿಲಿಗೆ ಹೋಗುವ ಮೊದಲು ಈ ಗೊಂದಲವನ್ನು ಸರಿಪಡಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಭಾಷಾವಿಜ್ಞಾನಿಯಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಇಂಜಿನ್ ಕಾರ್ಖಾನೆ ಇರುವ ಸುನಾಬೇಡಕ್ಕೆ ಬೆಂಗಳೂರಿನಿಂದ ವರ್ಗವಾಗಿ ಹೋಗಿ, ನೌಕರಿಯ ಬಹುಪಾಲು ವರ್ಷಗಳನ್ನು ಅಲ್ಲಿಯೇ ಕಳೆದ ಹಲವು ಕನ್ನಡಿಗರಲ್ಲಿ ನಾನೂ ಒಬ್ಬ. ರಾಗಿ ಬೆಳೆಯುವ, ರಾಗಿ ಅಂಬಲಿ ಕುಡಿದು ಹೊಲಕ್ಕೆ ಇಳಿಯುವ ಜನರ ನಡುವೆ ನಮ್ಮಂಥ ಹಳೆ ಮೈಸೂರು ಸೀಮೆಯವರಿಗೆ ಪರಕೀಯತೆ ಕಾಡಲಿಲ್ಲ. ಕಾರ್ಖಾನೆಯಲ್ಲಿ ಜೊತೆಗೆ ದುಡಿದ ಗದಬ ಸಮುದಾಯದ ಸ್ನೇಹಿತರೊಬ್ಬರು ತಮ್ಮ ಊರಿಗೆ, ಮನೆಗೆ, ಹಬ್ಬಕ್ಕೆ, ಸಾವಿನ ಕಾರ್ಯಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದರು. ಮುಂದೆ ಬರೆಯುವ ಸಂಗತಿಗಳಲ್ಲಿ ಕೆಲವನ್ನು ಅಲ್ಲಿ ಕಣ್ಣಾರೆ ಕಂಡಿದ್ದೇನೆ. ಉಳಿದವು ತಮ್ಮ ಕಚೇರಿಯೇ ಪ್ರಕಟಿಸಿದ ದಾಖಲೆಗಳಲ್ಲಿ ಇರುವಂಥವು.

ಆ ಮನೆಯಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಇದ್ದರು. ಅಜ್ಜಿ ಎಲ್ಲರೊಡನೆಯೂ ಗುತೊಬ್‌ನಲ್ಲೇ ಮಾತನಾಡುತ್ತಿದ್ದರು. ನನ್ನ ಸ್ನೇಹಿತರು ತಾಯಿಗೆ ಗುತೊಬ್‌ನಲ್ಲಿ ಉತ್ತರಿಸುತ್ತಿದ್ದರು, ಹೆಂಡತಿಯೊಡನೆ ಮಾತಾಡುವಾಗ ದೇಸಿಯಾ ಬೆರೆಸುತ್ತಿದ್ದರು, ಮಕ್ಕಳನ್ನು ಕರೆಯುವಾಗ ಪೂರ್ತಿ ದೇಸಿಯಾಕ್ಕೆ ಹೊರಳುತ್ತಿದ್ದರು. ದೇಸಿಯಾ ಎಂಬುದು ಕೋರಾಪುಟ್ ಸೀಮೆಯ ಎಲ್ಲ ಸಮುದಾಯಗಳೂ ಸಂತೆಯಲ್ಲಿ, ದಾರಿಯಲ್ಲಿ ಆಡುವ ಒಡಿಯಾ ಬಳಗದ ಮಾತು. ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತಿತ್ತು, ಆದರೆ ತಾವಾಗಿ ಆಡುತ್ತಿರಲಿಲ್ಲ. ಹೀಗೇಕೆ ಎಂದು ಕೇಳಿದಾಗ ಸ್ನೇಹಿತರು ಹೇಳಿದ ಕಾರಣವನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಶಾಲೆಯಲ್ಲಿ ಪಾಠ ನಡೆಯುವುದು ಒಡಿಯಾದಲ್ಲಿ. ಗುತೊಬ್ ಮಾತ್ರ ಬಲ್ಲ ಮಗು ಮೊದಲ ವರ್ಷವೆಲ್ಲ ಮೂಕವಾಗಿ ಕೂರುತ್ತದೆ, ಎರಡನೆಯ ವರ್ಷ ಶಾಲೆಯನ್ನೇ ಬಿಡುತ್ತದೆ. ದೇಸಿಯಾ ಕಲಿತಿದ್ದರೆ ಒಡಿಯಾ ಸ್ವಲ್ಪವಾದರೂ ಹತ್ತಿರವಾಗುತ್ತದೆ. ತಾನು ಪಟ್ಟ ಪಾಡನ್ನು ಮಕ್ಕಳು ಪಡಬಾರದು ಎಂಬ ತಂದೆಯೊಬ್ಬನ ಕಾಳಜಿ ಅದು. ಹೀಗೆ ಕಾಳಜಿಯಿಂದಲೇ ಒಂದು ಭಾಷೆ ಮನೆಯಿಂದ ಹೊರಗೆ ನಡೆಯುವಂಥ ಸ್ಥಿತಿಯನ್ನು ಯಾರು ನಿರ್ಮಿಸಿದರು ಎಂಬುದೇ ಕೇಳಬೇಕಾದ ಪ್ರಶ್ನೆ.

ಎಲ್ಲ ಊರುಗಳಲ್ಲೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಲಮತಾಪುಟ್ ಕಡೆಯ ಕೆಲವು ಒಳ ಊರುಗಳಲ್ಲಿ ಮಕ್ಕಳು ಗುತೊಬ್‌ನಲ್ಲೇ ಜಗಳವಾಡುವುದನ್ನೂ ಆಟದಲ್ಲಿ ಕೂಗಾಡುವುದನ್ನೂ ಕೇಳಿದ್ದೇನೆ. ಅಲ್ಲಿ ಭಾಷೆ ಜೀವಂತವಾಗಿದೆ. ಹೆದ್ದಾರಿಗೆ, ಕಾರ್ಖಾನೆಗೆ, ದೊಡ್ಡ ಸಂತೆಗೆ ಹತ್ತಿರವಿರುವ ಊರುಗಳಲ್ಲಿ ಅದು ಮುದುಕರ ಮಾತಾಗಿದೆ. ಯಾವ ಊರಿನಲ್ಲಿ ಯಾವ ವಯಸ್ಸಿನವರು ಇನ್ನೂ ಆಡುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ, ಒಬ್ಬರನ್ನೂ ಬಿಡದೆ ಕೇಳಿ ತಿಳಿಯಬಲ್ಲ ಸಂಸ್ಥೆ ಈ ದೇಶದಲ್ಲಿ ಒಂದೇ ಇದೆ, ಅದು ತಮ್ಮದು. ಯಾವ ವಿಶ್ವವಿದ್ಯಾಲಯಕ್ಕೂ ಯಾವ ಸಂಶೋಧಕನಿಗೂ ಆ ಸಾಮರ್ಥ್ಯವಿಲ್ಲ. ಈ ಮನವಿಯನ್ನು ಸಂಸ್ಕೃತಿ ಇಲಾಖೆಗೆ ಬರೆಯದೆ ತಮಗೆ ಬರೆಯುತ್ತಿರುವುದು ಈ ಕಾರಣಕ್ಕೆ.

ಗುತೊಬ್ ಜನರ ಊರಿನ ನಡುವೆ ದೊಡ್ಡ ಕಲ್ಲುಗಳನ್ನು ಹಾಸಿದ, ನಿಲ್ಲಿಸಿದ ಒಂದು ಜಾಗ ಇರುತ್ತದೆ. ಅದನ್ನು ಸೊದೊರ್ ಎನ್ನುತ್ತಾರೆ. ಹಿರಿಯರು ಕೂತು ನ್ಯಾಯ ಹೇಳುವ ಕಟ್ಟೆಯೂ ಅದೇ, ಸತ್ತವರ ನೆನಪು ನಿಂತಿರುವ ಸ್ಥಳವೂ ಅದೇ. ಸತ್ತು ವರ್ಷಗಳು ಕಳೆದ ಮೇಲೆ, ಕುಲದವರು ಸಾಕಷ್ಟು ಧಾನ್ಯ ಮತ್ತು ಹಣ ಕೂಡಿಸಿದಾಗ, ಸತ್ತವರನ್ನೆಲ್ಲ ಕೂಡಿಯೇ ಬೀಳ್ಕೊಡುವ ಗೊತರ್ ಎಂಬ ದೊಡ್ಡ ಆಚರಣೆ ನಡೆಯುತ್ತದೆ. ಆಗ ಕೋಣಗಳ ಮೂಲಕ ಸತ್ತವರನ್ನು ಕಳುಹಿಸಿಕೊಡಲಾಗುತ್ತದೆ, ನೆಂಟರೂರುಗಳ ನಡುವೆ ಕೊಡುಕೊಳ್ಳುವಿಕೆಯ ಹಳೆಯ ಲೆಕ್ಕಗಳು ತೀರುತ್ತವೆ. ಯಾವ ಕುಲ ಯಾವ ಕುಲಕ್ಕೆ ಏನು ಕೊಡಬೇಕು, ಯಾರು ಯಾರ ಸತ್ತವರನ್ನು ಹೊರಬೇಕು ಎಂಬುದೆಲ್ಲ ಬರಹದಲ್ಲಿ ಎಲ್ಲಿಯೂ ಇಲ್ಲ. ಅದು ಇರುವುದು ಹಿರಿಯರ ಮಾತಿನಲ್ಲಿ. ಹೆಂಗಸರು ಕೆರಂಗ್ ಎಂಬ ಗಿಡದ ನಾರನ್ನು ಸುಲಿದು, ನೂತು, ಬಣ್ಣ ಕಟ್ಟಿ, ಸೊಂಟದ ಅಳತೆಯ ಸಣ್ಣ ಮಗ್ಗದಲ್ಲಿ ಕೆಂಪು, ನೀಲಿ, ಬಿಳಿ ಪಟ್ಟೆಯ ಬಟ್ಟೆ ನೇಯುತ್ತಿದ್ದರು. ಈಗ ಹೆಚ್ಚಿನವರು ಸೀರೆ ಉಡುತ್ತಾರೆ, ಕೆರಂಗ್ ಬಟ್ಟೆ ಹಬ್ಬಕ್ಕೂ ಪ್ರವಾಸಿಗರ ಮುಂದಿನ ಧೆಂಸಾ ಕುಣಿತಕ್ಕೂ ಉಳಿದಿದೆ. ಬಟ್ಟೆಯನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಆ ಗಿಡ ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಕಡಿಯಬೇಕು, ನಾರು ಯಾವಾಗ ಹದಕ್ಕೆ ಬರುತ್ತದೆ ಎಂದು ತಾಯಿ ಮಗಳಿಗೆ ಹೇಳಿಕೊಡುತ್ತಿದ್ದ ಮಾತುಗಳನ್ನು ಇಡುವ ಗಾಜಿನ ಪೆಟ್ಟಿಗೆ ಇಲ್ಲ.

ಈ ಜನರು ಚದುರಿಹೋದದ್ದು ತಾವಾಗಿಯೇ ಅಲ್ಲ. ಮಚ್ಕುಂಡ್ ನದಿಗೆ ಜಲಾಪುಟ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ಗದಬರ ಊರುಗಳು ನೀರಿನಡಿ ಹೋದವು. 1955ರಲ್ಲಿ ಅಲ್ಲಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಆಮೇಲೆ ಕೊಲಾಬ್ ನದಿಯ ಮೇಲ್ದಂಡೆ ಯೋಜನೆ ಬಂತು. ಸುನಾಬೇಡದ ನಮ್ಮ ಕಾರ್ಖಾನೆಯೂ ವಸತಿ ಬಡಾವಣೆಯೂ, ದಮನಜೋಡಿಯ ಅಲ್ಯೂಮಿನಾ ಘಟಕವೂ ನಿಂತಿರುವುದು ಆದಿವಾಸಿಗಳು ಉಳುತ್ತಿದ್ದ ನೆಲದ ಮೇಲೆಯೇ. ಒಂದೇ ನುಡಿಯಾಡುವ ಊರುಗಳು ಒತ್ತಾಗಿ ಇದ್ದಾಗ ಮದುವೆ, ಸಂತೆ, ಗೊತರ್ ಎಲ್ಲವೂ ಆ ನುಡಿಯಲ್ಲೇ ನಡೆಯುತ್ತಿತ್ತು. ಮುಳುಗಡೆಯಾಗಿ ಬೇರೆ ಬೇರೆ ಕಡೆ ನೆಲೆಸಿದವರು ನೆರೆಯವರೊಡನೆ ಆಡಬೇಕಾದದ್ದು ದೇಸಿಯಾ ಅಥವಾ ತೆಲುಗು. ದೇಶದ ಬೆಳಕಿಗಾಗಿ ನೆಲ ಬಿಟ್ಟುಕೊಟ್ಟವರ ಭಾಷೆಯನ್ನು ಸರಿಯಾದ ಹೆಸರಿನಲ್ಲಿ ಬರೆದುಕೊಳ್ಳುವುದು ದೇಶಕ್ಕೆ ಹೆಚ್ಚಿನ ಹೊರೆಯಾಗಲಾರದು.

ಈಗ ‘ಗದಬ’ ಎಂಬ ಆ ಒಂದು ಸಾಲಿನ ವಿಚಾರಕ್ಕೆ ಬರುತ್ತೇನೆ. ಗದಬ ಎಂದು ಕರೆಯಲಾಗುವ ಸಮುದಾಯದಲ್ಲಿ ಎರಡು ಬೇರೆ ಬೇರೆ ಭಾಷೆಗಳಿವೆ. ಬೊಡೊ ಗದಬ ಅಥವಾ ಗುತೊಬ್ ಗದಬರು ಆಡುವುದು ಮುಂಡಾ ಭಾಷೆ. ಒಲ್ಲಾರಿ ಗದಬರು ಮತ್ತು ಆಂಧ್ರದ ಕೊಂಡೆಕೊರ್ ಗದಬರು ಆಡುವುದು ದ್ರಾವಿಡ ಭಾಷೆ. ಅದು ಪರ್ಜಿ, ಕೊಲಾಮಿಗಳ ಒಡಹುಟ್ಟು, ಕನ್ನಡದ ದಾಯಾದಿ. ಗುತೊಬ್ ಮತ್ತು ಒಲ್ಲಾರಿಗಳ ನಡುವಿನ ಅಂತರ ಸಂತಾಲಿಗೂ ಕನ್ನಡಕ್ಕೂ ಇರುವ ಅಂತರದಷ್ಟೇ ದೊಡ್ಡದು. ಇದು ಹೊಸ ಶೋಧವೇನೂ ಅಲ್ಲ, 1950ರ ದಶಕದಲ್ಲೇ ವಿದ್ವಾಂಸರು ಒಲ್ಲಾರಿಯನ್ನು ದ್ರಾವಿಡ ನುಡಿಯೆಂದು ಗುರುತಿಸಿ ವಿವರವಾಗಿ ಬರೆದಿದ್ದಾರೆ. ಆದರೂ 2011ರ ಗಣತಿಯ ಕುಟುಂಬವಾರು ವರ್ಗೀಕರಣದಲ್ಲಿ ಆಸ್ಟ್ರೋಏಷ್ಯಾಟಿಕ್ ಗುಂಪಿನ 14 ಭಾಷೆಗಳ ನಡುವೆ ‘ಗದಬ’ ಇದೆ, ದ್ರಾವಿಡ ಗುಂಪಿನ 17 ಭಾಷೆಗಳಲ್ಲಿ ಒಲ್ಲಾರಿಯಾಗಲಿ ಕೊಂಡೆಕೊರ್ ಆಗಲಿ ಇಲ್ಲ. ಅಂದರೆ ‘ನನ್ನ ಭಾಷೆ ಗದಬ’ ಎಂದು ಬರೆಸಿದ ಒಲ್ಲಾರಿ ಮಹಿಳೆ ಮುಂಡಾ ಭಾಷಿಕಳಾಗಿ ಎಣಿಕೆಯಾಗುತ್ತಾಳೆ. ಒಂದು ಸಾಲಿನಿಂದ ಎರಡು ಭಾಷೆಗಳಿಗೆ ಅನ್ಯಾಯವಾಗಿದೆ: ಒಂದರ ಸಂಖ್ಯೆ ಇಲ್ಲದಷ್ಟು ಉಬ್ಬಿದೆ, ಇನ್ನೊಂದರ ಹೆಸರೇ ಅಳಿದಿದೆ. ಕನ್ನಡಿಗನಾದ ನನಗೆ ಈ ಎರಡನೆಯದೂ ಮನಸ್ಸಿಗೆ ಹತ್ತಿರದ ನೋವು.

ಅಂಕಿಗಳೇ ಈ ಗೊಂದಲಕ್ಕೆ ಸಾಕ್ಷಿ. 2001ರಲ್ಲಿ ಗದಬ ಭಾಷಿಕರ ಸಂಖ್ಯೆ 26,262 ಎಂದಿತ್ತು. ಹತ್ತು ವರ್ಷದಲ್ಲಿ ಅದು 40,976 ಆಯಿತು, ಅಂದರೆ ಶೇಕಡ 56ರಷ್ಟು ಏರಿಕೆ. ಅದೇ ಅವಧಿಯಲ್ಲಿ ಊರೂರುಗಳಲ್ಲಿ ಮಕ್ಕಳು ಗುತೊಬ್ ಬಿಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಗುತೊಬ್ ಭಾಷಿಕರು ಹತ್ತರಿಂದ ಹದಿನೈದು ಸಾವಿರದ ಆಸುಪಾಸು ಇರಬಹುದೆಂದು ಅದನ್ನು ಅಧ್ಯಯನ ಮಾಡಿದವರು ಅಂದಾಜಿಸಿದ್ದಾರೆ. ಹಾಗಿದ್ದರೆ ಈ ಏರಿಕೆ ಎಲ್ಲಿಂದ ಬಂತು? ಸಮುದಾಯದ ಹೆಸರೂ ಭಾಷೆಯ ಹೆಸರೂ ಒಂದೇ ಆಗಿರುವಾಗ, ಮನೆಯಲ್ಲಿ ದೇಸಿಯಾ ಆಡುವ ಗದಬರೂ ತಾಯ್ನುಡಿಯ ಕಲಮಿನಲ್ಲಿ ‘ಗದಬ’ ಎಂದು ದಾಖಲಾಗುತ್ತಾರೆ ಎಂಬುದು ನನ್ನ ಊಹೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, 2018ರಲ್ಲಿ ಗೃಹ ಸಚಿವಾಲಯದ ಅಧಿಕಾರಿಗಳನ್ನು ಉಲ್ಲೇಖಿಸಿ ಪತ್ರಿಕೆಗಳು ಪ್ರಕಟಿಸಿದ, ತೀವ್ರ ಅಳಿವಿನಂಚಿನಲ್ಲಿರುವ 42 ಭಾಷೆಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ಕೊರಗ, ಕುರುಬ ನುಡಿಗಳ ಜೊತೆಗೆ ಆಂಧ್ರಪ್ರದೇಶದ ‘ಗದಬ’ವೂ ಇತ್ತು. ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಪಟ್ಟಿ ಅದು. ಒಂದೇ ಸಚಿವಾಲಯದ ಒಂದು ಕಾಗದದಲ್ಲಿ ಗದಬ ನಲವತ್ತು ಸಾವಿರ ಜನರ ಬೆಳೆಯುತ್ತಿರುವ ಭಾಷೆ, ಇನ್ನೊಂದು ಕಾಗದದಲ್ಲಿ ಅಳಿಯುತ್ತಿರುವ ಭಾಷೆ. ಯಾವ ಕಾಗದ ಯಾವ ಗದಬವನ್ನು ಕುರಿತದ್ದು ಎಂದು ಹೇಳುವವರು ಯಾರು?

ಗುತೊಬ್‌ನ ನೆರೆಹೊರೆಯ ಮುಂಡಾ ಭಾಷೆಗಳ ಸ್ಥಿತಿ ಇನ್ನೊಂದು ಬಗೆಯದು. ಮಲ್ಕಾನ್‌ಗಿರಿ ಜಿಲ್ಲೆಯ ಬೊಂಡಾ ಬೆಟ್ಟದ ಜನರಾಡುವ ರೆಮೊ, ಅದೇ ಜಿಲ್ಲೆಯ ದಿದಾಯಿಗಳಾಡುವ ಗ್ತಾ, ಕೋರಾಪುಟ್‌ನ ಪರೆಂಗಾ ಜನರ ಗೊರುಮ್, ಈ ಮೂರೂ 2011ರ ಪ್ರಕಟಿತ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಒನಕಡೆಲ್ಲಿಯ ಗುರುವಾರದ ಸಂತೆಗೆ ಬೆಟ್ಟ ಇಳಿದು ಬರುವ ಬೊಂಡಾ ಹೆಂಗಸರು ಮಣಿಸರಗಳ ಕಾರಣಕ್ಕೆ ದೇಶವಿದೇಶಗಳ ಛಾಯಾಚಿತ್ರಗಳಲ್ಲಿ ಇದ್ದಾರೆ, ಅವರು ಆಡುವ ಭಾಷೆ ದೇಶದ ಭಾಷಾ ಕೋಷ್ಟಕದಲ್ಲಿ ಇಲ್ಲ. ಕಾರಣ ಎಲ್ಲರಿಗೂ ತಿಳಿದದ್ದೇ. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಭಾಷಿಕರಿರುವ ಭಾಷೆಗಳ ಅಂಕಿಯನ್ನು ಪ್ರಕಟಿಸುವುದಿಲ್ಲ ಎಂಬ ಕ್ರಮ ನಡೆದುಬಂದಿದೆ. 1961ರ ಗಣತಿ 1,652 ತಾಯ್ನುಡಿಗಳ ಹೆಸರನ್ನು ದೇಶದ ಮುಂದಿಟ್ಟಿತ್ತು. 2011ರಲ್ಲಿ ಪರಿಷ್ಕರಣೆಯ ನಂತರ 1,369 ತಾಯ್ನುಡಿಗಳನ್ನು ಗುರುತಿಸಿ, ಕೊನೆಗೆ 121 ಭಾಷೆಗಳ ಪಟ್ಟಿ ಹೊರಬಂತು. ಆ ಪಟ್ಟಿಯಲ್ಲಿ 54,947 ಜನರ ಅರಬ್ಬಿ ಇದೆ, 21,677 ಜನರ ಅಫ್ಘಾನಿ ಇದೆ. ಅವು ಇರುವುದಕ್ಕೆ ನನ್ನ ಆಕ್ಷೇಪವಿಲ್ಲ, ಆ ಜನರೂ ನಮ್ಮವರೇ. ಆದರೆ ಈ ನೆಲದಲ್ಲಿ ಮಾತ್ರ ಇರುವ, ಬೇರೆ ಯಾವ ದೇಶವೂ ಎಣಿಸಲಾರದ ರೆಮೊ ಮತ್ತು ಗೊರುಮ್‌ಗೆ ಅಲ್ಲಿ ಒಂದು ಸಾಲು ಸಿಗದಿರುವುದು ನ್ಯಾಯವೆನಿಸುವುದಿಲ್ಲ.

ಹತ್ತು ಸಾವಿರದ ಈ ಗೆರೆ ಬರೀ ಮುದ್ರಣದ ಅನುಕೂಲಕ್ಕೆ ಎಳೆದದ್ದಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನವು 2013ರಿಂದ ನಡೆಸುತ್ತಿರುವ ಅಳಿವಿನಂಚಿನ ಭಾಷೆಗಳ ಸಂರಕ್ಷಣಾ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳಿಗೆ ಮೀಸಲು. ನಿಘಂಟು, ವ್ಯಾಕರಣ, ಧ್ವನಿಮುದ್ರಣ, ಜನಾಂಗ ಪರಿಚಯ ಇವೆಲ್ಲ ಆ ಯೋಜನೆಯ ಕೆಲಸ, ಒಳ್ಳೆಯ ಕೆಲಸ. ಆದರೆ ಎರಡು ಗೆರೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಗಣತಿ ಹೇಳುತ್ತದೆ: ಹತ್ತು ಸಾವಿರಕ್ಕಿಂತ ಕಡಿಮೆಯಿದ್ದರೆ ಸಂಖ್ಯೆಯನ್ನು ತಿಳಿಸುವುದಿಲ್ಲ. ಸಂರಕ್ಷಣಾ ಯೋಜನೆ ಹೇಳುತ್ತದೆ: ಹತ್ತು ಸಾವಿರಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೈಗೆತ್ತಿಕೊಳ್ಳುತ್ತೇವೆ. ರೆಮೊ, ಗೊರುಮ್‌ಗಳ ವಿಷಯದಲ್ಲಿ ಯೋಜನೆಯವರು ಗಣತಿಯ ನೆರವಿಲ್ಲದೆ ಅಂದಾಜಿನ ಮೇಲೆ ನಡೆಯಬೇಕು. ಗುತೊಬ್‌ನ ವಿಷಯದಲ್ಲಿ ಅಂಕಿ ಇದೆ, ಆದರೆ ಅದು ತಪ್ಪು ದಾರಿ ತೋರಿಸುತ್ತದೆ. ಕೋಷ್ಟಕವನ್ನಷ್ಟೇ ನೋಡಿ ತೀರ್ಮಾನಿಸುವ ಅಧಿಕಾರಿಗೆ ಗುತೊಬ್ ಅಪಾಯದಲ್ಲಿರುವ ಭಾಷೆಯಾಗಿ ಕಾಣುವುದೇ ಇಲ್ಲ. ಅಳಿಯುತ್ತಿರುವುದು ಬೆಳೆಯುತ್ತಿರುವಂತೆ ಕಾಣಿಸುವುದು ಏನೂ ಕಾಣಿಸದಿರುವುದಕ್ಕಿಂತ ಹೆಚ್ಚು ಕೆಡುಕು.

ಇನ್ನೊಂದು ವಿಚಿತ್ರವನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಆಂಧ್ರಪ್ರದೇಶದ ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಗುತೊಬ್ ಗದಬ, ಬೊಡೊ ಗದಬ ಮತ್ತು ಪರೆಂಗಿ ಪೊರೊಜಾ ಇವೆ. ಗಡಿಯ ಈಚೆ ಒಡಿಶಾದ 13 ಸಮುದಾಯಗಳ ಪಟ್ಟಿಯಲ್ಲಿ ಬೊಂಡಾ, ದಿದಾಯಿಗಳಿವೆ, ಆದರೆ ಗದಬರೂ ಇಲ್ಲ, ಪರೆಂಗಾಗಳೂ ಇಲ್ಲ. ಈ ಭಾಷೆಗಳ ಮೂಲ ನೆಲೆ ಇರುವುದು ಒಡಿಶಾದ ಕಡೆಯೇ. 2023ರ ನವೆಂಬರ್ 15ರಂದು ಆರಂಭವಾದ ಪಿಎಂ ಜನಮನ್ ಯೋಜನೆಯ ಮನೆ, ರಸ್ತೆ, ನೀರು, ಅಂಗನವಾಡಿಗಳು ಆ ಪಟ್ಟಿಯಲ್ಲಿರುವವರಿಗೆ ಸಿಗುತ್ತವೆ. ಪಟ್ಟಿಯನ್ನು ತಿದ್ದುವುದು ತಮ್ಮ ಕೆಲಸವಲ್ಲ ಎಂಬುದು ಗೊತ್ತು. ಆದರೆ ಪಟ್ಟಿ ತಿದ್ದಬೇಕೆಂದು ಯಾರಾದರೂ ಹೊರಟರೆ ಅವರು ಮೊದಲು ಕೈಯಿಡುವುದು ಗಣತಿಯ ಪುಟಗಳ ಮೇಲೆಯೇ.

ಶಾಲೆಯ ಮಾತೂ ಅಷ್ಟೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಕರ್ಯ ಒದಗಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಸಾಧ್ಯವಿರುವಷ್ಟು ಮಟ್ಟಿಗೆ ಬೋಧನಾ ಮಾಧ್ಯಮ ಮಗುವಿನ ತಾಯ್ನುಡಿಯಾಗಿರಬೇಕೆನ್ನುತ್ತದೆ. 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತದೆ. ಒಡಿಶಾ ಸರ್ಕಾರ ಈ ದಾರಿಯಲ್ಲಿ ಇತರ ರಾಜ್ಯಗಳಿಗಿಂತ ಮೊದಲೇ ಹೆಜ್ಜೆಯಿಟ್ಟಿದೆ. 2007ರ ಸುಮಾರಿಗೆ ಆರಂಭವಾದ ಬಹುಭಾಷಾ ಶಿಕ್ಷಣ ಕಾರ್ಯಕ್ರಮ ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠ ನಡೆಸುವ ಪ್ರಯತ್ನ. ಆದರೆ ಯಾವ ಊರಿನ ಶಾಲೆಗೆ ಗುತೊಬ್ ಬಲ್ಲ ಶಿಕ್ಷಕರು ಬೇಕು, ಯಾವುದಕ್ಕೆ ಒಲ್ಲಾರಿ ಬಲ್ಲವರು ಬೇಕು ಎಂದು ‘ಗದಬ’ ಎಂಬ ಪದದಿಂದ ತಿಳಿಯುವುದಾದರೂ ಹೇಗೆ? ಒಂದು ಭಾಷೆಯ ಪುಸ್ತಕ ಇನ್ನೊಂದು ಭಾಷೆಯ ಮಕ್ಕಳ ಕೈಗೆ ಸಿಕ್ಕರೆ ಆ ಮಕ್ಕಳಿಗೆ ಒಡಿಯಾ ಪುಸ್ತಕದಷ್ಟೇ ಅದೂ ಅಪರಿಚಿತ.

ಗಣತಿಯ ನಿಯಮಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅವುಗಳನ್ನು ಓದಿದಾಗ ಬರೆದವರ ವಿವೇಕದ ಬಗ್ಗೆ ಗೌರವ ಮೂಡಿತು. ತಾಯ್ನುಡಿಯೆಂದರೆ ಬಾಲ್ಯದಲ್ಲಿ ತಾಯಿ ಆಡಿಸಿದ ಭಾಷೆ. ಮನೆಯ ಪ್ರತಿಯೊಬ್ಬರ ತಾಯ್ನುಡಿಯನ್ನೂ ಬೇರೆಬೇರೆಯಾಗಿ ಕೇಳಬೇಕು. ಯಜಮಾನನದೇ ಎಲ್ಲರದೂ ಎಂದು ಭಾವಿಸಬಾರದು. ಜನರು ಹೇಳಿದ ಹೆಸರನ್ನು ಹಾಗೆಯೇ ಬರೆಯಬೇಕು, ಅದು ಭಾಷೆಯೋ ಉಪಭಾಷೆಯೋ ಎಂದು ಗಣತಿದಾರರು ತೀರ್ಮಾನಿಸಬಾರದು. 2011ರ ನಮೂನೆಯಲ್ಲಿ ತಾಯ್ನುಡಿಯ ನಂತರ ಬಲ್ಲ ಇತರ ಭಾಷೆಗಳನ್ನು ಕೇಳುವ ಪ್ರಶ್ನೆಯೂ ಇತ್ತು. ಇವಿಷ್ಟು ಪಾಲನೆಯಾಗಿದ್ದರೆ ನಾನು ಮೇಲೆ ಹೇಳಿದ ಮನೆಯ ಮೂರು ತಲೆಮಾರುಗಳ ಕಥೆ ನಮೂನೆಯಲ್ಲೇ ಮೂಡಿರಬೇಕಿತ್ತು. ಆದರೆ ನಾನು ಕಂಡ ಒಂದು ಮನೆಯಲ್ಲಿ ಗಣತಿದಾರರು ಬಯಲುಸೀಮೆಯಿಂದ ಬಂದ ಶಿಕ್ಷಕರು. ಕತ್ತಲಾಗುವುದರೊಳಗೆ ಮುಗಿಸಬೇಕಾದ ಮನೆಗಳು ಇನ್ನೂ ಬಹಳವಿದ್ದವು. ಯಜಮಾನರ ಜಾತಿ ಕೇಳಿ ಬರೆದುಕೊಂಡರು, ಭಾಷೆಯ ಕಲಮಿನಲ್ಲಿ ಮತ್ತೆ ಕೇಳದೆ ಅದೇ ಹೆಸರನ್ನು ಎಲ್ಲರಿಗೂ ಬರೆದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಆ ಶಿಕ್ಷಕರು ಸೋಮಾರಿಗಳೂ ಅಲ್ಲ, ದುರುದ್ದೇಶದವರೂ ಅಲ್ಲ. ಜಾತಿಗೂ ಭಾಷೆಗೂ ಅಲ್ಲಿ ಒಂದೇ ಹೆಸರು, ಆ ಹೆಸರಿನೊಳಗೆ ಎರಡು ಭಾಷೆಗಳು ಎಂಬುದನ್ನು ಅವರಿಗೆ ಯಾರಾದರೂ ತಿಳಿಸಿಹೇಳಿದ್ದರೆ ಅವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು.

ಈ ಸಲದ ಗಣತಿ ಮೊಬೈಲ್ ಆ್ಯಪ್ ಮೂಲಕ ನಡೆಯುತ್ತದೆ, ಜನರೇ ತಮ್ಮ ವಿವರ ತುಂಬುವ ಅವಕಾಶವೂ ಇದೆ. ಇದರಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ. ಕಾಗದದ ಮೇಲೆ ‘ಗುತೊಬ್’ ಎಂದು ಬರೆದಿದ್ದರೆ ಕೋಲ್ಕತ್ತದ ಭಾಷಾ ವಿಭಾಗದ ಮೇಜಿಗಾದರೂ ಆ ಹೆಸರು ತಲುಪುತ್ತಿತ್ತು. ಪರದೆಯ ಮೇಲಿನ ಸಿದ್ಧ ಪಟ್ಟಿಯಿಂದ ಭಾಷೆಯನ್ನು ಆರಿಸುವ ಕ್ರಮವಿದ್ದು, ಆ ಪಟ್ಟಿಯಲ್ಲಿ ಗುತೊಬ್, ಒಲ್ಲಾರಿ, ರೆಮೊ, ಗ್ತಾ, ಗೊರುಮ್ ಹೆಸರುಗಳು ಇಲ್ಲದಿದ್ದರೆ, ಹೇಳಿದ ಉತ್ತರವೂ ಅಲ್ಲಿಯೇ ಕಳೆದುಹೋಗುತ್ತದೆ. ಜಾತಿ ಗಣತಿಯೂ ಜೊತೆಗೇ ನಡೆಯುವುದರಿಂದ ಜಾತಿಯ ಹೆಸರು ಭಾಷೆಯ ಕಲಮಿಗೆ ಜಾರುವ ಸಾಧ್ಯತೆ ಈ ಸಲ ಇನ್ನೂ ಹೆಚ್ಚು.

ಹೀಗೆ ಒಂದೊಂದು ನುಡಿಗೂ ಸಾಲು ಕೊಡುತ್ತ ಹೋದರೆ ಕೊನೆಯೆಲ್ಲಿ ಎಂದು ತಮ್ಮ ಕಚೇರಿಯವರು ಕೇಳಬಹುದು. ಕನ್ನಡದ ಉದಾಹರಣೆಯನ್ನೇ ನೋಡಿ. 2011ರ ಕೋಷ್ಟಕದಲ್ಲಿ ಕನ್ನಡದ ಒಟ್ಟು ಸಂಖ್ಯೆ 4,37,06,512. ಅದರೊಳಗೆ ನೀಲಗಿರಿಯ ಬಡಗ ಮತ್ತು ಕುರುಬ ನುಡಿಗಳನ್ನೂ ಸೇರಿಸಲಾಗಿದೆ. ಸೇರಿಸಿದ್ದು ಸರಿಯೇ ಎಂಬ ಚರ್ಚೆ ಬೇರೆ. ಆದರೆ ಅವುಗಳ ಹೆಸರೂ ಸಂಖ್ಯೆಯೂ ಉಪಸಾಲಿನಲ್ಲಿ ಕಾಣುತ್ತವೆ, ಆದ್ದರಿಂದ ಬಡಗರು ಎಷ್ಟಿದ್ದಾರೆಂದು ಯಾರು ಬೇಕಾದರೂ ತಿಳಿಯಬಹುದು. ಬೇರೆ ಬೇರೆ ಕುಟುಂಬಗಳಿಗೆ ಸೇರಿದ ಗುತೊಬ್ ಮತ್ತು ಒಲ್ಲಾರಿಗಳಿಗೆ ಅಷ್ಟೂ ಸಿಕ್ಕಿಲ್ಲ. ಜನರೇ ‘ಗದಬ’ ಎಂದು ಹೇಳಿದರೆ ನಾವೇನು ಮಾಡಲಿ ಎಂಬ ಪ್ರಶ್ನೆಗೂ ಉತ್ತರ ಕಷ್ಟದ್ದಲ್ಲ. ಹೊರಗಿನವರು ಕೇಳಿದಾಗ ಅವರು ಹೊರಗಿನವರಿಗೆ ಗೊತ್ತಿರುವ ಹೆಸರನ್ನು ಹೇಳುತ್ತಾರೆ. ‘ಗುತೊಬ್ ಗದಬವೋ, ಒಲ್ಲಾರಿ ಗದಬವೋ, ದೇಸಿಯಾವೋ’ ಎಂದು ಕೇಳಿದರೆ ಸರಿಯಾದ ಉತ್ತರ ಕೂಡಲೇ ಬರುತ್ತದೆ. ಕೇಳಿ ನೋಡಿಯೇ ಇದನ್ನು ಹೇಳುತ್ತಿದ್ದೇನೆ.

ಆದ್ದರಿಂದ ನನ್ನ ಮೊದಲ ಬೇಡಿಕೆ, 2027ರ ಗಣತಿಯ ಭಾಷಾ ಸಂಕೇತ ಪಟ್ಟಿಯಲ್ಲಿ ಗುತೊಬ್‌ಗೆ ಒಂದು ಸಂಕೇತ, ಒಲ್ಲಾರಿ ಮತ್ತು ಕೊಂಡೆಕೊರ್‌ಗೆ ದ್ರಾವಿಡ ಗುಂಪಿನಲ್ಲಿ ಬೇರೆ ಸಂಕೇತ ಇರಬೇಕು ಎಂಬುದು. ರೆಮೊ, ಗ್ತಾ, ಗೊರುಮ್‌ಗಳೂ ಬೊಂಡಾ, ದಿದಾಯಿ, ಪರೆಂಗಾ ಎಂಬ ಪರ್ಯಾಯ ಹೆಸರುಗಳ ಸಮೇತ ಆ ಪಟ್ಟಿಯಲ್ಲಿರಬೇಕು. ಬರೀ ‘ಗದಬ’ ಎಂದು ಆರಿಸಿದರೆ ಯಾವ ಗದಬ ಎಂದು ಆ್ಯಪ್ ಮತ್ತೊಮ್ಮೆ ಕೇಳುವಂತೆ ಮಾಡುವುದು ತಾಂತ್ರಿಕವಾಗಿ ಸಣ್ಣ ಕೆಲಸ. ಇದರ ಜೊತೆಗೆ ಕೋರಾಪುಟ್, ಮಲ್ಕಾನ್‌ಗಿರಿ ಹಾಗೂ ಆಂಧ್ರದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗಳ ಗಣತಿದಾರರಿಗೆ ತರಬೇತಿಯಲ್ಲಿ ಈ ವಿಷಯಕ್ಕೆಂದೇ ಒಂದು ಪಾಠ ಇರಲಿ. ಸಾಧ್ಯವಿರುವ ಕಡೆ ಅದೇ ಸಮುದಾಯದ, ಓದುಬರಹ ಬಲ್ಲ ಯುವಕ ಯುವತಿಯರನ್ನು ಗಣತಿದಾರರಾಗಿಯೋ ಜೊತೆಗಾರರಾಗಿಯೋ ನೇಮಿಸಿ. ಈಗ ಅಂಥವರು ಪ್ರತಿ ಪಂಚಾಯಿತಿಯಲ್ಲೂ ಸಿಗುತ್ತಾರೆ. ಹಿರಿಯರನ್ನು, ಅದರಲ್ಲೂ ಮನೆಯ ಹೆಂಗಸರನ್ನು, ಅವರ ಬಾಯಿಂದಲೇ ಕೇಳಬೇಕೆಂಬ ಸೂಚನೆಯನ್ನು ಮತ್ತೊಮ್ಮೆ ಒತ್ತಿ ಹೇಳಿ.

ಎಣಿಸಿದ ಮೇಲೆ ಪ್ರಕಟಿಸಬೇಕು. ಹತ್ತು ಸಾವಿರದ ಮಿತಿಯನ್ನು ಪರಿಶಿಷ್ಟ ಪಂಗಡಗಳ ತಾಯ್ನುಡಿಗಳ ಮಟ್ಟಿಗಾದರೂ ಕೈಬಿಡಿ. ಭಾಷಿಕರ ಸಂಖ್ಯೆಯನ್ನು ವಯಸ್ಸಿನ ಗುಂಪುಗಳ ಪ್ರಕಾರ, ತಾಲ್ಲೂಕು ಮಟ್ಟದವರೆಗೆ ಕೊಟ್ಟರೆ ಯಾವ ವ್ಯಕ್ತಿಯ ಗುಟ್ಟೂ ಹೊರಬೀಳುವುದಿಲ್ಲ, ಶಾಲೆಯವರಿಗೆ ಬೇಕಾದುದೆಲ್ಲ ಸಿಗುತ್ತದೆ. ಐವತ್ತು ದಾಟಿದವರು ಮಾತ್ರ ಆಡುವ ಭಾಷೆಗೂ ಐದು ವರ್ಷದ ಮಕ್ಕಳೂ ಆಡುವ ಭಾಷೆಗೂ ಬೇಕಾಗುವ ನೆರವು ಬೇರೆ. ಒಟ್ಟು ಸಂಖ್ಯೆಯಿಂದ ಈ ವ್ಯತ್ಯಾಸ ತಿಳಿಯದು. ಗೊರುಮ್ ಭಾಷಿಕರು ಕೆಲವೇ ನೂರು ಜನ ಎಂದು ಲೆಕ್ಕ ಸಿಕ್ಕರೂ ಅದನ್ನು ಮುಚ್ಚಿಡದೆ ಹೇಳಿ. ಆಗಲಾದರೂ ಯಾರಾದರೂ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಬಹುದು. ಹಾಗೆಯೇ ತಮ್ಮ ಕಚೇರಿ ದೇಶದ 576 ತಾಯ್ನುಡಿಗಳ ವಿಡಿಯೊ ದಾಖಲೆ ಮಾಡಿರುವುದಾಗಿ ಗೃಹ ಸಚಿವಾಲಯದ ವಾರ್ಷಿಕ ವರದಿ ಹೇಳಿದೆ. ಅದರಲ್ಲಿ ಈ ಭಾಷೆಗಳ ದಾಖಲೆಗಳಿದ್ದರೆ ಅವು ಮೊದಲು ಆ ಊರುಗಳ ಜನರಿಗೆ, ಅಲ್ಲಿನ ಶಾಲೆಗಳಿಗೆ ಸಿಗುವ ಏರ್ಪಾಡಾಗಲಿ.

ಈ ಪತ್ರದ ಪ್ರತಿಗಳನ್ನು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ನಿರ್ದೇಶಕರಿಗೂ, ಒಡಿಶಾ ಸರ್ಕಾರದ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ಇಲಾಖೆಗೂ ಕಳುಹಿಸುತ್ತಿದ್ದೇನೆ. ಸಂಸ್ಥಾನದ ತಜ್ಞರು ಸಂಕೇತ ಪಟ್ಟಿಯನ್ನು ಪರಿಶೀಲಿಸಿ ತಮಗೆ ಬರಹದಲ್ಲಿ ಸಲಹೆ ಕೊಡಬೇಕೆಂದು ಅವರನ್ನೂ ಕೇಳಿಕೊಂಡಿದ್ದೇನೆ. ಪಟ್ಟಿ ಅಂತಿಮಗೊಂಡು ತರಬೇತಿ ಆರಂಭವಾದ ಮೇಲೆ ತಿದ್ದುಪಡಿ ಕಷ್ಟವಾಗುವುದರಿಂದ, ಈ ಹೆಸರುಗಳು ಪಟ್ಟಿಯಲ್ಲಿ ಇವೆಯೇ ಇಲ್ಲವೇ ಎಂಬುದನ್ನು ತಮ್ಮ ಕಚೇರಿ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಇಂಜಿನಿಯರ್, ಮೈಸೂರು